ಹಬ್‌ಗೆ ಕಚ್ಚಿಕೊಂಡ ಚಕ್ರವನ್ನು ಮನೆಯಲ್ಲೇ ಬಿಚ್ಚುವ ಮೊದಲು

ಮಾನ್ಯ ಸಂಪಾದಕರೇ,

ವಾಹನದ ಚಕ್ರವನ್ನು ಮನೆಯಲ್ಲೇ ಬಿಚ್ಚುವ ಬಗ್ಗೆ ಪತ್ರಿಕೆಗಳ ವಾಹನ ಪುಟಗಳಲ್ಲಿ ಬರುವ ಸಲಹೆಗಳು ಸಾಮಾನ್ಯವಾಗಿ ಜಾಕ್ ಏರಿಸಿ, ನಟ್ ಬಿಚ್ಚಿ, ಚಕ್ರವನ್ನು ಹೊರಗೆಳೆಯಿರಿ ಎಂಬಲ್ಲಿಗೆ ಮುಗಿದುಬಿಡುತ್ತವೆ. ನಟ್‌ಗಳೆಲ್ಲ ಕೈಗೆ ಬಂದ ಮೇಲೂ ಚಕ್ರ ಕೂದಲೆಳೆಯಷ್ಟೂ ಅಲುಗದಿದ್ದರೆ ಏನು ಮಾಡಬೇಕೆಂಬ ಮಾತು ಅಲ್ಲಿ ಬರುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಜನ ತಮಗೆ ತೋಚಿದ್ದನ್ನು ಮಾಡುತ್ತಾರೆ: ಬರೀ ಜಾಕಿನ ಮೇಲೆ ನಿಂತಿರುವ ಗಾಡಿಯ ಚಕ್ರವನ್ನು ಜೋರಾಗಿ ಒದೆಯುತ್ತಾರೆ, ಇಲ್ಲವೇ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ತಲೆ ತೂರಿಸುತ್ತಾರೆ. ವಾಹನ ದುರಸ್ತಿಯ ಕೆಲಸದಲ್ಲೇ ಆಯುಷ್ಯದ ಬಹುಭಾಗ ಕಳೆದವನಾಗಿ, ಈ ಬಿಟ್ಟುಹೋದ ಭಾಗದ ಬಗ್ಗೆ ತಮ್ಮ ಓದುಗರಿಗೆ ಕೆಲವು ಮಾತು ತಿಳಿಸಲು ಅವಕಾಶ ಕೋರುತ್ತೇನೆ.

ನಾನು ಹೇಳಬೇಕಾದ ಮುಖ್ಯ ವಿಷಯ ಇಷ್ಟೇ. ಗಾಡಿಯ ಜೊತೆಗೆ ಬರುವ ಜಾಕ್ ಮೇಲಿನಿಂದ ಬೀಳುವ ತೂಕವನ್ನು ಹೊರಲು ತಯಾರಾದದ್ದು. ಅದರ ತಳ ಚಿಕ್ಕದು, ಪಕ್ಕದಿಂದ ಬೀಳುವ ಒತ್ತಡವನ್ನು ಅದು ತಾಳುವುದಿಲ್ಲ. ಆದರೆ ಕಚ್ಚಿಕೊಂಡ ಚಕ್ರವನ್ನು ಬಿಡಿಸಲು ಬೇಕಾಗುವುದು ಪಕ್ಕದ ಬಲವೇ. ಎಳೆದರೂ ಒದೆದರೂ ಬಡಿದರೂ ಗಾಡಿ ಅಡ್ಡಕ್ಕೆ ತೂಗುತ್ತದೆ, ಜಾಕ್ ವಾಲುತ್ತದೆ. ಸಲೀಸಾಗಿ ಬರುವ ಚಕ್ರವನ್ನು ಬಿಚ್ಚುವಾಗ ಸಾಕಾಗುವ ಏರ್ಪಾಡು ಕಚ್ಚಿಕೊಂಡ ಚಕ್ರಕ್ಕೆ ಸಾಲುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಆದ್ದರಿಂದಲೇ ಚಕ್ರ ಕಚ್ಚಿಕೊಂಡಿದೆಯೇ ಎಂಬುದು ಗೊತ್ತಾಗಬೇಕಾದದ್ದು ಮನೆಯಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಕೈಯಲ್ಲಿ ಸಮಯವಿರುವಾಗ; ಹೆದ್ದಾರಿಯ ಅಂಚಿನಲ್ಲಿ, ಮಳೆಯಲ್ಲಿ, ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿರುವಾಗ ಅಲ್ಲ.

ಚಕ್ರ ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಇಂದಿನ ಬಹುಪಾಲು ಕಾರುಗಳಲ್ಲಿ, ಚಕ್ರವನ್ನು ಕೂರಿಸಿ ನಟ್ ಬಿಗಿಯುವ ತಿರುಗು ಭಾಗವಾದ ಹಬ್‌ನ ನಡುಭಾಗ ದುಂಡಗೆ ಹೊರಕ್ಕೆ ಚಾಚಿಕೊಂಡಿರುತ್ತದೆ. ಚಕ್ರದ ನಡುವಿನ ತೂತು ಅದರ ಮೇಲೆ ಬಂದು ಕೂರುತ್ತದೆ. ಚಕ್ರ ನೇರ ನಡುವಿಗೆ ಕೂತು ಓಲಾಡದೆ ತಿರುಗಲೆಂದು ಇವೆರಡರ ನಡುವಿನ ಸಂದನ್ನು ಮಿಲಿಮೀಟರಿನ ಸಣ್ಣ ಭಾಗದಷ್ಟೇ ಇಟ್ಟಿರುತ್ತಾರೆ. ಮಳೆಯ ನೀರು, ಗಾಡಿ ತೊಳೆದ ನೀರು, ರಸ್ತೆಯ ಕೆಸರು ಆ ಸಂದಿಗೆ ಇಳಿದು ತಿಂಗಳುಗಟ್ಟಲೆ ಅಲ್ಲೇ ಕೂತರೆ ಹಬ್‌ಗೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸಂದು ತುಂಬಿಹೋಗಿ, ಚಕ್ರವನ್ನು ಒಳಗಿನಿಂದ ಬೆಣೆ ಬಡಿದಂತೆ ಹಿಡಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಅಲಾಯ್ ಚಕ್ರಗಳಲ್ಲಿ ಇದರ ಕಾಟ ಇನ್ನೂ ಹೆಚ್ಚು. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ನೀರು ನಿಂತರೆ, ಅದರಲ್ಲೂ ಉಪ್ಪಿನಂಶವಿರುವ ನೀರು ನಿಂತರೆ, ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಕಡಲ ತೀರದ ಊರುಗಳಲ್ಲಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ನಾಡುಗಳಲ್ಲಿ ಅಲಾಯ್ ಚಕ್ರಗಳು ಬೇಗ ಕಚ್ಚಿಕೊಳ್ಳುವುದು ಈ ಕಾರಣಕ್ಕೆ. ಅಂಥ ಚಕ್ರವನ್ನು ಕಡೆಗೂ ಬಿಡಿಸಿ ಅದರ ಬೆನ್ನು ನೋಡಿದರೆ ನಡುವಿನ ತೂತಿನ ಒಳಸುತ್ತಿನಲ್ಲಿ ಬಿಳಿಯ ಪುಡಿ ಗಟ್ಟಿಯಾಗಿ ಕಟ್ಟಿರುವುದೂ, ಹಬ್‌ನ ಮೇಲೆ ಅದೇ ಜಾಗದಲ್ಲಿ ಕಂದು ತುಕ್ಕಿನ ಬಳೆ ಮೂಡಿರುವುದೂ ಕಾಣುತ್ತದೆ. ಉಗುರಿನಿಂದ ಕೆರೆದರೆ ಆ ಬಿಳಿ ಪದರ ಏಳುವುದಿಲ್ಲ. ವೈರ್ ಬ್ರಶ್ಶೇ ಬೇಕು.

ಚಕ್ರಕ್ಕಿಂತ ಮೊದಲು ನಟ್‌ಗಳೇ ತಕರಾರು ಮಾಡುವುದೂ ಉಂಟು. ಗ್ಯಾರೇಜಿನಲ್ಲಿ ನಟ್ ತಿರುಗಿಸಲು ಬಳಸುವ ಗಾಳಿಯ ಗನ್ನಿನಿಂದ ಲೆಕ್ಕವಿಲ್ಲದೆ ಬಿಗಿದ ನಟ್ ಮನೆಯ ಸ್ಪ್ಯಾನರಿಗೆ ಜಗ್ಗುವುದಿಲ್ಲ. ಸಾಮಾನ್ಯ ಕಾರಿನ ಚಕ್ರದ ನಟ್‌ಗೆ ತಯಾರಕರು ಹೇಳುವ ಬಿಗಿತ ಹೆಚ್ಚಾಗಿ 90ರಿಂದ 140 ನ್ಯೂಟನ್ ಮೀಟರಿನ (ತಿರುಗಿಸುವ ಬಲದ ಅಳತೆ) ಒಳಗಿರುತ್ತದೆ. ತಮ್ಮ ಗಾಡಿಯ ಸರಿಯಾದ ಅಂಕಿಯನ್ನು ಅದರ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು. 110 ನ್ಯೂಟನ್ ಮೀಟರಿಗೆ ಬಿಗಿದ ನಟ್ಟನ್ನು ಕಾಲು ಮೀಟರ್ ಉದ್ದದ ಸ್ಪ್ಯಾನರಿನಿಂದ ಸಡಿಲಿಸಲು ಅದರ ತುದಿಯಲ್ಲಿ ಸುಮಾರು 45 ಕಿಲೋ ತೂಕದಷ್ಟು ಬಲ ಹಾಕಬೇಕಾಗುತ್ತದೆ, ತುಕ್ಕು ಹಿಡಿದಿದ್ದರೆ ಇನ್ನೂ ಹೆಚ್ಚು. ಅದೇ ಹಿಡಿ ಅರ್ಧ ಮೀಟರಿನದಾದರೆ ಅದರ ಅರ್ಧ ಬಲ ಸಾಕು. ಆದ್ದರಿಂದ ಉದ್ದ ಹಿಡಿಯ ಗಟ್ಟಿ ಸ್ಪ್ಯಾನರೊಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿಯುವವರನ್ನು ನೋಡಿದ್ದೇನೆ. ಸಾಕೆಟ್ ಜಾರಿದರೆ ಕಾಲು ಮುರಿಯುತ್ತದೆ, ನಟ್ಟಿನ ಮೂಲೆಗಳೂ ಸವೆದು ದುಂಡಾಗುತ್ತವೆ. ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದ್ದು ನಟ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕೆಲವು ಭಾರಿ ವಾಹನಗಳಲ್ಲಿ ಮತ್ತು ಕೆಲವು ಹಳೆಯ ಕಾರುಗಳಲ್ಲಿ ಎಡಬದಿಯ ಚಕ್ರದ ನಟ್‌ಗಳು ಉಲ್ಟಾ ಥ್ರೆಡ್ಡಿನವು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥವು, ಎಂಬುದನ್ನೂ ಇಲ್ಲಿ ಹೇಳಬೇಕು. ಬಿಚ್ಚುತ್ತಿದ್ದೇವೆ ಎಂದುಕೊಂಡು ಇನ್ನಷ್ಟು ಬಿಗಿದು, ನಟ್ ಕೂರುವ ಸ್ಟಡ್ ಎಂಬ ಥ್ರೆಡ್ಡಿನ ಗೂಟವನ್ನೇ ಮುರಿದುಕೊಳ್ಳುವವರು ಅಂಥ ಗಾಡಿಗಳಲ್ಲೇ.

ನಟ್‌ಗಳನ್ನು ಮೊದಲ ಬಾರಿಗೆ ಸಡಿಲಿಸುವ ಕೆಲಸ ಚಕ್ರ ನೆಲದ ಮೇಲಿರುವಾಗಲೇ ಆಗಬೇಕು. ಗಾಡಿ ಗಟ್ಟಿಯಾದ ಸಮತಟ್ಟು ನೆಲದ ಮೇಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗೇರ್ ಹಾಕಿರಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಗೇರ್ ಹಾಕಿದ್ದೇವೆಂಬ ಧೈರ್ಯ ಎಲ್ಲಿ ಕೈಕೊಡುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಹೋಗುವ ಕಾರಿನಲ್ಲಿ ಮುಂದಿನ ಒಂದು ಚಕ್ರವನ್ನು ಎತ್ತಿದ ಕೂಡಲೇ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಗಾಳಿಯಲ್ಲಿರುವ ಚಕ್ರ ಹಿಮ್ಮುಖವಾಗಿ ತಿರುಗಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ಉರುಳಲು ಬಿಡುತ್ತದೆ. ಆಗ ಗೇರ್ ಹಾಕಿದ್ದೂ ಒಂದೇ, ಹಾಕದಿದ್ದೂ ಒಂದೇ. ಆಟೋಮ್ಯಾಟಿಕ್ ಗಾಡಿಯ ಪಾರ್ಕಿಂಗ್ ಸ್ಥಾನದ ಕಥೆಯೂ ಇದೇ. ಆಗ ಗಾಡಿಯನ್ನು ಹಿಡಿದಿಡುವುದು ಹಿಂದಿನ ಚಕ್ರಗಳ ಹ್ಯಾಂಡ್‌ಬ್ರೇಕ್ ಮಾತ್ರ. ಹಿಂದಿನ ಒಂದು ಚಕ್ರವನ್ನು ಎತ್ತಿದರೆ ಹ್ಯಾಂಡ್‌ಬ್ರೇಕಿನ ಬಲ ಉಳಿದೊಂದು ಚಕ್ರದ ಮೇಲೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಎತ್ತುತ್ತಿರುವ ಚಕ್ರಕ್ಕೆ ಕರ್ಣದಲ್ಲಿರುವ ಚಕ್ರದ ಮುಂದೆಯೂ ಹಿಂದೆಯೂ ಕಲ್ಲು ಅಥವಾ ಮರದ ಬೆಣೆಯನ್ನು ಒತ್ತರಿಸಿ ಇಡುವುದನ್ನು ಯಾವ ಕಾರಣಕ್ಕೂ ಬಿಡಬಾರದು.

ಜಾಕನ್ನು ಕೈಪಿಡಿ ತೋರಿಸಿದ ಜಾಗದಲ್ಲೇ ಕೊಡಬೇಕು. ಗಾಡಿ ಮೇಲೆದ್ದ ಬಳಿಕ ಗಟ್ಟಿಯಾದ ಭಾಗದ ಕೆಳಗೆ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯ ಭಾರ ಹೊರುವ ಲೋಹದ ಆಸರೆ, ಇಟ್ಟು, ಭಾರವನ್ನು ಅದರ ಮೇಲೆ ಇಳಿಸಬೇಕು. ಇಟ್ಟಿಗೆಯಾಗಲಿ ಸಿಮೆಂಟಿನ ಟೊಳ್ಳು ಬ್ಲಾಕಾಗಲಿ ಸ್ಟ್ಯಾಂಡಿನ ಜಾಗವನ್ನು ತುಂಬುವುದಿಲ್ಲ. ಅವು ಬಿರುಕಿನ ಸುಳಿವನ್ನೂ ಕೊಡದೆ ಒಮ್ಮೆಗೇ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದವರು ಕಚ್ಚಿಕೊಂಡ ಚಕ್ರದ ಗೋಜಿಗೆ ಹೋಗದೆ ನಟ್‌ಗಳನ್ನು ಮತ್ತೆ ಸರಿಯಾಗಿ ಬಿಗಿದು, ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದೇ ಸರಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಬಿಡಿಸುವ ಕೆಲಸ. ಎಲ್ಲಕ್ಕಿಂತ ಮೊದಲು, ನಟ್‌ಗಳನ್ನು ಪೂರ್ತಿ ತೆಗೆಯಲೇಬಾರದು. ಕಚ್ಚಿಕೊಂಡ ಚಕ್ರ ಬಿಡುವಾಗ ಒಮ್ಮೆಗೇ ಬಿಡುತ್ತದೆ. ನಟ್ ಇಲ್ಲದಿದ್ದರೆ ಎಳೆಯುತ್ತಿದ್ದವರ ಮೈಮೇಲೆಯೇ ಬರುತ್ತದೆ. ಸಾಮಾನ್ಯವಾಗಿ ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಅದು ಒಂದೂವರೆ ಮಿಲಿಮೀಟರಿನಷ್ಟು ಹಿಂದೆ ಸರಿಯುತ್ತದೆ, ಮತ್ತು ತುಕ್ಕಿನ ಹಿಡಿತ ಕಳಚಲು ಅಷ್ಟು ಜಾಗವೇ ಧಾರಾಳ. ಸ್ಟಡ್ಡಿನ ಬದಲು ಬೋಲ್ಟ್ ಇರುವ ಗಾಡಿಗಳಲ್ಲಿ ಎದುರುಬದುರಿನ ಎರಡು ಬೋಲ್ಟ್‌ಗಳನ್ನಾದರೂ ಹೀಗೆಯೇ ಉಳಿಸಿಕೊಳ್ಳಬೇಕು.

ನನ್ನ ಅನುಭವದಲ್ಲಿ ಮೊದಲು ಮಾಡಬೇಕಾದ ಪ್ರಯತ್ನಕ್ಕೆ ಬಡಿತವೂ ಬೇಡ, ಒದೆತವೂ ಬೇಡ. ಎಲ್ಲ ನಟ್‌ಗಳನ್ನೂ ಒಂದೇ ಒಂದು ಸುತ್ತು ಸಡಿಲಿಸಿ, ಸ್ಟ್ಯಾಂಡನ್ನು ತೆಗೆದು, ಗಾಡಿಯನ್ನು ನಿಧಾನವಾಗಿ ನೆಲಕ್ಕೆ ಇಳಿಸಬೇಕು. ಗಾಡಿಯ ತೂಕ ಚಕ್ರದ ಮೇಲೆ ಬೀಳುತ್ತಿದ್ದಂತೆ ಎಷ್ಟೋ ಬಾರಿ ಟಕ್ಕೆಂದು ಸದ್ದಾಗಿ ಹಿಡಿತ ಬಿಡುತ್ತದೆ. ಬಿಡದಿದ್ದರೆ ಜಾಕನ್ನು ಪೂರ್ತಿ ಹೊರಗೆ ತೆಗೆದ ಮೇಲೆ, ಬಾಗಿಲ ಕಂಬದ ಬಳಿ ಎರಡೂ ಕೈಯಿಟ್ಟು ಗಾಡಿಯನ್ನು ಪಕ್ಕಕ್ಕೆ ತೂಗಾಡಿಸಬೇಕು. ಅದಕ್ಕೂ ಜಗ್ಗದಿದ್ದರೆ ಬೆಣೆಗಳನ್ನು ತೆಗೆದು, ಅಂಗಳದಲ್ಲೇ ಅರ್ಧ ಮೀಟರಿನಷ್ಟು ಮುಂದಕ್ಕೂ ಹಿಂದಕ್ಕೂ ಆಮೆನಡಿಗೆಯಲ್ಲಿ ಸರಿಸಿ ಮೆಲ್ಲಗೆ ಬ್ರೇಕ್ ಒತ್ತಬಹುದು. ಸಡಿಲ ನಟ್‌ಗಳೊಡನೆ ರಸ್ತೆಗೆ ಇಳಿಯುವುದು, ಅಂಗಳವನ್ನೆಲ್ಲ ಸುತ್ತುವುದು ಸಲ್ಲದು. ಚಕ್ರ ಕುಣಿದು ಸ್ಟಡ್‌ಗಳ ಥ್ರೆಡ್ಡನ್ನೂ ನಟ್ ಕೂರುವ ಓರೆ ಅಂಚನ್ನೂ ಹಾಳುಮಾಡುತ್ತದೆ. ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಬೆಣೆ, ಜಾಕ್, ಸ್ಟ್ಯಾಂಡ್ ಎಲ್ಲವನ್ನೂ ಮೊದಲಿನಂತೆ ಹೂಡಿ, ನಟ್ ತೆಗೆದು ಚಕ್ರವನ್ನು ಇಳಿಸಿಕೊಳ್ಳಬೇಕು. ಈ ವಿಧಾನವನ್ನು ನಾನು ಮುಂದಿಡುವುದಕ್ಕೆ ಕಾರಣವಿದೆ: ಬಲ ಬೀಳುವ ಹೊತ್ತಿನಲ್ಲಿ ಗಾಡಿ ನೆಲದ ಮೇಲಿರುತ್ತದೆ, ಅದರ ಕೆಳಗೆ ಯಾರ ಕೈಯೂ ಇರುವುದಿಲ್ಲ.

ಇಷ್ಟಕ್ಕೂ ಬಿಡದ ಚಕ್ರಕ್ಕೆ ತುಕ್ಕು ಬಿಡಿಸುವ ಎಣ್ಣೆ ಮತ್ತು ತಾಳ್ಮೆ ಬೇಕು. ನಡುವಿನ ಮುಚ್ಚಳ ತೆಗೆದರೆ ಹಬ್ ಮತ್ತು ಚಕ್ರ ಕೂಡುವ ಸುತ್ತು ಕಾಣುತ್ತದೆ. ಅಲ್ಲಿಗೆ ಸ್ವಲ್ಪವೇ ಸ್ವಲ್ಪ ಎಣ್ಣೆ ಹಾಕಿ, ನಟ್‌ಗಳನ್ನು ಬಿಗಿದು, ಗಾಡಿಯನ್ನು ನೆಲದ ಮೇಲೆಯೇ ಬಿಟ್ಟು ರಾತ್ರಿಯಿಡೀ ಕಾಯಬೇಕು. ಹೆಚ್ಚಿನ ಮನೆಗಳಲ್ಲಿ ಸಿಗುವ ಡಬ್ಲ್ಯುಡಿ-40 ಮೂಲತಃ 1953ರಲ್ಲಿ ಲೋಹದ ಮೇಲಿನ ತೇವವನ್ನು ಓಡಿಸಿ ತುಕ್ಕು ತಡೆಯಲೆಂದು ತಯಾರಾದ ದ್ರಾವಣ. ಹೊಸ ತುಕ್ಕಿಗೆ ಅದು ನಡೆಯುತ್ತದೆ, ಹಳೆಯ ಗಟ್ಟಿ ತುಕ್ಕಿಗೆ ಸಂದಿಗೆ ಇಳಿಯಲೆಂದೇ ಮಾಡಿದ ಪೆನಿಟ್ರೇಟಿಂಗ್ ಎಣ್ಣೆ ಹೆಚ್ಚು ವಾಸಿ. ಡಬ್ಬಿಯಿಡೀ ಸಿಂಪಡಿಸುವವರಿದ್ದಾರೆ. ಆ ಎಣ್ಣೆ ಸಂದಿಯಲ್ಲಿ ನಿಲ್ಲದೆ ಬ್ರೇಕ್ ಡಿಸ್ಕಿನ ಮೇಲೋ ಡ್ರಮ್ಮಿನ ಒಳಕ್ಕೋ ಹೋದರೆ ಆ ಚಕ್ರದ ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕಿಗೆ ಹನಿ ತಾಗಿದರೂ ಬ್ರೇಕ್ ಕ್ಲೀನರಿನಿಂದ ತೊಳೆದು ಒರೆಸದೆ ಗಾಡಿಯನ್ನು ಕದಲಿಸಬಾರದು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಎಣ್ಣೆ ಕುಡಿದಿದ್ದರೆ ಅದನ್ನು ಬದಲಿಸಬೇಕಾಗುತ್ತದೆ.

ಒದೆಯಲೇಬೇಕೆಂದರೆ ಗಾಡಿ ಸ್ಟ್ಯಾಂಡಿನ ಮೇಲಿರಬೇಕು, ಒದೆಯುವವರ ಮೈಯೆಲ್ಲ ಗಾಡಿಯ ಹೊರಗಿರಬೇಕು. ನೆಲದ ಮೇಲೆ ಕೂತು, ದಪ್ಪ ಅಟ್ಟೆಯ ಬೂಟಿನ ಹಿಮ್ಮಡಿಯಿಂದ ಟಯರಿನ ಪಕ್ಕದ ರಬ್ಬರಿಗೆ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಒದೆಯಬೇಕು, ರಿಮ್ಮಿಗೆ ಒದೆಯಬಾರದು. ಒಂದೇ ಕಡೆ ಜೋರಾಗಿ ಒದೆಯುವುದಕ್ಕಿಂತ ಹೀಗೆ ಅದಲುಬದಲಾಗಿ ಮಿತವಾದ ಪೆಟ್ಟು ಕೊಟ್ಟರೆ ಚಕ್ರ ತುಸು ತುಸುವೇ ಓರೆಯಾಗುತ್ತ ತುಕ್ಕಿನ ಪದರವನ್ನು ಪುಡಿಮಾಡುತ್ತದೆ. ಕೊನೆಯ ಉಪಾಯವೆಂದರೆ ಉದ್ದನೆಯ ಮರದ ತುಂಡೊಂದನ್ನು ಒಳಬದಿಯಿಂದ ಟಯರಿಗೆ ಆನಿಸಿ, ಅದರ ಇನ್ನೊಂದು ತುದಿಗೆ ಸುತ್ತಿಗೆಯಿಂದ ಬಡಿಯುವುದು. ಮರ ಉದ್ದವಿದ್ದಷ್ಟೂ ಕೈ ಗಾಡಿಯಿಂದ ದೂರವಿರುತ್ತದೆ. ಅಲಾಯ್ ರಿಮ್ಮಿಗೆ ಕಬ್ಬಿಣದ ಸುತ್ತಿಗೆಯನ್ನು ನೇರವಾಗಿ ತಾಗಿಸಿದರೆ ಅಂಚು ಬಿರುಕು ಬಿಡಬಹುದು, ಮತ್ತು ಆ ಬಿರುಕು ಬಣ್ಣದ ಅಡಿಯಲ್ಲಿ ಕಣ್ಣಿಗೆ ಬೀಳದೆಯೂ ಇರಬಹುದು. ಸಲಾಕೆ ತೂರಿಸಿ ಡಿಸ್ಕಿನ ಹಿಂದಿನ ತಗಡಿನ ಮೇಲೋ ಪ್ಯಾಡನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಕ್ಯಾಲಿಪರಿನ ಮೇಲೋ ಭಾರ ಹಾಕಿ ಮೀಟುವುದೂ ಬೇಡ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸೆನ್ಸರಿನ ತಂತಿ ಅಲ್ಲೇ ಹಾದುಹೋಗಿರುತ್ತದೆ.

ಬೆಂಕಿಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದು ಜೀವ ತೆಗೆಯುವ ತಪ್ಪು. ನಟ್ ಅಥವಾ ಹಬ್ ಬಿಸಿ ಮಾಡಿದರೆ ಬಿಡುತ್ತದೆ ಎಂದು ಟಯರ್ ಇರುವ ಚಕ್ರಕ್ಕೆ ಗ್ಯಾಸ್ ಟಾರ್ಚ್ ಹಿಡಿಯುವ ಪದ್ಧತಿ ಭಾರಿ ವಾಹನಗಳ ಕೆಲಸದಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಬಿಸಿಗೆ ಟಯರಿನ ಒಳಗಿನ ರಬ್ಬರ್ ವಿಘಟಿಸಿ ಉರಿಯುವ ಅನಿಲ ಹುಟ್ಟುತ್ತದೆ, ಒಳಗಿನ ಒತ್ತಡ ಏರುತ್ತದೆ, ಟಯರ್ ಬಾಂಬಿನ ರಭಸದಲ್ಲಿ ಸಿಡಿಯುತ್ತದೆ. ಬೆಂಕಿ ತೆಗೆದ ಎಷ್ಟೋ ಹೊತ್ತಿನ ಮೇಲೆ ಸಿಡಿಯುವುದೂ ಉಂಟು. ಗಾಳಿ ಬಿಟ್ಟಿದ್ದೇವೆ ಎಂಬ ಸಮಾಧಾನವೂ ಸಾಲದು. ಹೀಗೆ ಸಿಡಿದ ಟಯರಿಗೆ ಪ್ರಾಣ ತೆತ್ತವರಿದ್ದಾರೆ. ಟಯರ್ ಕೂತಿರುವ ಚಕ್ರಕ್ಕೆ ಬೆಂಕಿ ತೋರಿಸಲೇಬಾರದು; ಮನೆಯಲ್ಲೂ ಬೇಡ, ಗ್ಯಾರೇಜಿನಲ್ಲೂ ಬೇಡ.

ಚಕ್ರ ಕೈಗೆ ಬಂದ ಮೇಲೆ ನೇರವಾಗಿ ಮತ್ತೆ ಹಾಕಿಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಹಬ್‌ನ ಮುಖ, ಅದರ ನಡುವಿನ ಚಾಚು, ಚಕ್ರದ ತೂತಿನ ಒಳಸುತ್ತು ಈ ಮೂರನ್ನೂ ವೈರ್ ಬ್ರಶ್ಶಿನಿಂದ ಉಜ್ಜಿ ಒಣಬಟ್ಟೆಯಿಂದ ಒರೆಸಬೇಕು. ಹಬ್‌ನ ಮುಖದ ಮೇಲೆ ತುಕ್ಕಿನ ಒಂದು ಚಕ್ಕೆ ಉಳಿದರೂ ಚಕ್ರ ಸಮನಾಗಿ ಕೂರುವುದಿಲ್ಲ. ಆ ಚಕ್ಕೆ ಓಡಾಟದಲ್ಲಿ ಪುಡಿಯಾದಾಗ ನಟ್ಟಿನ ಬಿಗಿತವೂ ಕಡಿಮೆಯಾಗುತ್ತದೆ. ಬಳಿಕ ನಡುವಿನ ಚಾಚಿನ ಮೇಲೆ ಮಾತ್ರ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಗ್ರೀಸನ್ನು ತೆಳುವಾಗಿ ಸವರಬೇಕು. ಸ್ಟಡ್ಡಿಗೂ ನಟ್ಟಿಗೂ ಎಣ್ಣೆಯಾಗಲಿ ಗ್ರೀಸಾಗಲಿ ಬೇಡ. ತಯಾರಕರು ಹೇಳುವ ಬಿಗಿತದ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿನ ಲೆಕ್ಕದ್ದು; ಜಿಡ್ಡಿದ್ದರೆ ಅದೇ ಅಂಕಿಗೆ ಸ್ಟಡ್ ಅಗತ್ಯಕ್ಕಿಂತ ಹೆಚ್ಚು ಎಳೆತಕ್ಕೆ ಸಿಗುತ್ತದೆ. ನಟ್‌ಗಳನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಒಂದರ ನಂತರ ಅದರ ಎದುರಿನದನ್ನು ಬಿಗಿಯುತ್ತ ಹೋಗಿ, ಚಕ್ರ ನೆಲಕ್ಕೆ ತಾಗಿದ ಮೇಲೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಎಂಬ ಸ್ಪ್ಯಾನರಿನಿಂದ ಕೊನೆಯ ಬಿಗಿತ ಕೊಡಬೇಕು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಮನೆಯಲ್ಲಿ ಇಷ್ಟೆಲ್ಲ ಪಾಡು ಪಡಬೇಕಾಗಿ ಬರುವುದಕ್ಕೆ ಹಿಂದಿನ ಸಲ ಚಕ್ರ ಜೋಡಿಸಿದವರ ಕೆಲಸವೂ ಕಾರಣ ಎಂಬುದನ್ನು ಹೇಳದೆ ಈ ಪತ್ರ ಮುಗಿಸಲಾರೆ. ಟಯರ್ ಬದಲಿಸುವಾಗ ಹಬ್ ಉಜ್ಜಲು ಚಕ್ರವೊಂದಕ್ಕೆ ಒಂದೆರಡು ನಿಮಿಷ ಸಾಕು. ಅದನ್ನು ಮಾಡದೆ, ಗಾಳಿಯ ಗನ್ನಿನಿಂದಲೇ ಕೊನೆಯವರೆಗೂ ಬಿಗಿದು ಗಾಡಿಯನ್ನು ಕಳಿಸುವ ಗ್ಯಾರೇಜುಗಳು ತಮ್ಮ ಅವಸರದ ಫಲವನ್ನು ರಸ್ತೆಬದಿಯಲ್ಲಿ ಒಂಟಿಯಾಗಿ ನಿಂತ ಚಾಲಕರ ತಲೆಗೆ ಕಟ್ಟುತ್ತಿವೆ. ಹಬ್ ಉಜ್ಜಲಾಗಿದೆ, ನಟ್‌ಗಳನ್ನು ಇಷ್ಟು ನ್ಯೂಟನ್ ಮೀಟರಿಗೆ ಬಿಗಿಯಲಾಗಿದೆ ಎಂದು ಬಿಲ್ಲಿನ ಮೇಲೆ ಬರೆದುಕೊಡುವುದನ್ನು ಅವರು ರೂಢಿಸಿಕೊಳ್ಳಲಿ. ಗ್ರಾಹಕರೂ ಅದನ್ನು ಕೇಳಿ ಪಡೆಯಲಿ. ಸುಮಾರು 10,000 ಕಿಲೋಮೀಟರಿಗೊಮ್ಮೆ ಟಯರುಗಳನ್ನು ಸ್ಥಾನ ಬದಲಿಸಿ ಹಾಕಿಸುವವರ ಗಾಡಿಯಲ್ಲಿ ಚಕ್ರ ಕಚ್ಚಿಕೊಳ್ಳುವುದು ಅಪರೂಪ. ತಯಾರಕರ ಮೇಲೂ ಹೊಣೆಯಿದೆ. ಈಗ ಹಲವು ಹೊಸ ಕಾರುಗಳು ಸ್ಟೆಪ್ನಿ ಚಕ್ರವೇ ಇಲ್ಲದೆ, ಪಂಕ್ಚರ್ ಮುಚ್ಚುವ ದ್ರವದ ಕಿಟ್ಟಿನೊಂದಿಗೆ ಬರುತ್ತಿವೆ. ಅಂಥ ಗಾಡಿಗಳ ಮಾಲೀಕರು ಚಕ್ರ ಬಿಚ್ಚುವ ಸಂದರ್ಭವೇ ವರ್ಷಗಟ್ಟಲೆ ಬರುವುದಿಲ್ಲ, ತುಕ್ಕಿಗೆ ಅಷ್ಟೂ ಕಾಲ ಬಿಡುವು ಸಿಗುತ್ತದೆ. ನಟ್ ತೆಗೆದ ಮೇಲೂ ಚಕ್ರ ಬಾರದಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಪ್ರತಿ ಕೈಪಿಡಿಯಲ್ಲಿ ಒಂದು ಪುಟ ಮೀಸಲಿಡುವುದು ತಯಾರಕರಿಗೆ ಭಾರವಾಗಲಾರದು.

ಮಳೆಗಾಲಕ್ಕೆ ಮೊದಲೊಮ್ಮೆ, ಅದು ಮುಗಿದ ಮೇಲೊಮ್ಮೆ ತಮ್ಮ ವಾಹನ ಪುಟದಲ್ಲಿ ಈ ವಿಷಯವನ್ನು ಚಿತ್ರಗಳೊಂದಿಗೆ ವಿವರವಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಜಾಕ್ ಎಲ್ಲಿ ಕೂರಬೇಕು, ಸ್ಟ್ಯಾಂಡ್ ಎಲ್ಲಿ ನಿಲ್ಲಬೇಕು, ಬೆಣೆ ಯಾವ ಚಕ್ರಕ್ಕೆ ಎಂಬ ಮೂರನ್ನಾದರೂ ಚಿತ್ರದಲ್ಲೇ ತೋರಿಸಬೇಕು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಾಹನ ದುರಸ್ತಿಗಾರ